ಅವ್ವನ ತೋಳಿನ ಕೆಳಗಿನ ದಿಂಬು

ಅವ್ವನಿಗೆ ಎದೆಯ ಕ್ಯಾನ್ಸರಿನ ಆಪರೇಷನ್ ಆದಾಗ ನಾನು ರಜೆ ಹಾಕಿ ಸೊಲ್ಲಾಪುರದ ಆಸ್ಪತ್ರೆಯಲ್ಲೇ ಉಳಿದೆ. ತಲೆ ಬಾಚುವುದು, ಗಂಜಿ ಕುಡಿಸುವುದು, ಕೈಹಿಡಿದು ಸಂಡಾಸಿಗೆ ನಡೆಸುವುದು, ಎಲ್ಲ ನಾನೇ. ಕಂಕುಳ ನೋಯುತ್ತದೆ ಅಂದಳೆಂದು ಅಂಗಡಿ ಹುಡುಕಿ ಒಳ್ಳೆಯ ಫೋಮಿನ ದಿಂಬು ತಂದೆ. "ಬಿರಸ ಅದ, ತಗಿ" ಅಂದಳು.

ಮರುದಿನ ವಾರ್ಡಿಗೆ ಒಬ್ಬಾಕೆ ಬಂದಳು. ನನ್ನದೇ ವಯಸ್ಸು. ಅವಳೂ ಅವಳ ಗೆಳತಿಯರೂ ರೋಗಿಗಳಿಗೆಂದು ಮನೆಯಲ್ಲಿ ಕೈಯಿಂದ ದಿಂಬು ಹೊಲಿದು ತಂದು ಹಂಚುತ್ತಿದ್ದರಂತೆ. ಅಕ್ಕಲಕೋಟ ರಸ್ತೆಯ ಮಗ್ಗದ ಕಾರಖಾನೆಗಳಲ್ಲಿ ಉಳಿದ ಟಾವೆಲ್ ತುಂಡುಗಳಿಂದ ಮಾಡಿದ, ಹೃದಯದ ಆಕಾರದ ಪುಟ್ಟ ದಿಂಬನ್ನು ಅವ್ವನ ತೋಳಿನ ಕೆಳಗೆ ಸರಿಸಿ, "ಹಿಂಗ ಇಟ್ಕೋರಿ, ಮಾವಶಿ" ಅಂದಳು.

ಅವ್ವ ಕಣ್ಣು ಮುಚ್ಚಿದಳು. "ಈಗ ಸಮಾಧಾನ ಆತು ನೋಡವಾ."

ನನಗೆ ಅವಳು ಎಂದೂ ಹಾಗೆ ಅಂದಿರಲಿಲ್ಲ.

ಆಮೇಲೆ ಬೆಳಗಾದರೆ ಅದೇ ಪ್ರಶ್ನೆ: "ಆಕಿ ಇವತ್ತ ಬರತಾಳೇನ?" ಒಂದು ಮಧ್ಯಾಹ್ನ ನಾನು ಚಹಾ ತರುವಷ್ಟರಲ್ಲಿ ಆಕೆ ನನ್ನ ಸ್ಟೂಲಿನ ಮೇಲೆ ಕೂತಿದ್ದಳು. ತನ್ನ ಗಾಯವನ್ನು ಕಣ್ಣಿಂದ ನೋಡಲು ಅಂಜಿಕೆ ಎಂದು ಅವ್ವ ಅವಳಿಗೆ ಹೇಳುತ್ತಿದ್ದಳು. ದಿನಾ ಅವಳ ಬಟ್ಟೆ ಬದಲಿಸುವ ನನಗೆ ಇದು ಗೊತ್ತೇ ಇಲ್ಲ! ಮರಾಠಿಯಲ್ಲಿ ಏನೋ ಅಂದು ಇಬ್ಬರೂ ನಕ್ಕರು. ನಾನು ಬಾಗಿಲಲ್ಲೇ ನಿಂತೆ.

ಆಕೆ ಹೋದ ಮೇಲೆ ಕೇಳಿದೆ, "ನನ್ನ ಮುಂದ ಯಾಕ ಹೇಳಲಿಲ್ಲ?"

"ನಿನ್ನ ಮುಂದ ಹೇಳಿದ್ರ ನೀ ಅಳತಿ. ಆಕಿ ಅಳಂಗಿಲ್ಲ. ಆಕಿಗೂ ಇದ ಬ್ಯಾನಿ ಆಗಿತ್ತಂತ."

ನನಗೆ ನಾಚಿಕೆಯಾಗಬೇಕಿತ್ತು. ಆದರೆ ಆ ರೋಗ ಅವರಿಬ್ಬರ ನಡುವೆ ಕಟ್ಟಿದ ನಂಟಿನ ಮೇಲೂ ಹೊಟ್ಟೆಕಿಚ್ಚಾಯಿತು. ಮಗಳಾದ ನಾನು ಅದರ ಹೊರಗೆ.

ಅವ್ವ ಈಗ ಅಕ್ಕಲಕೋಟದ ಮನೆಯಲ್ಲಿ ಬೇಷಿದ್ದಾಳೆ. ತಾನೂ ದಿಂಬು ಹೊಲಿದು ಆ ಗುಂಪಿಗೆ ಕಳಿಸುತ್ತಾಳೆ. ಕಳೆದ ರವಿವಾರ ಹೋದಾಗ, ಹಳದಿ ಅಂಚಿನದೊಂದನ್ನು ಸುಮ್ಮನೆ ತೋಳಿನ ಕೆಳಗೆ ಇಟ್ಟು ನೋಡಿದೆ. ಮೆತ್ತಗಿತ್ತು.

"ಇದ ನಾ ಒಯ್ಲೇನ, ಅವ್ವಾ?"

"ನಿನಗ ಯಾಕ? ನಿನಗೇನಾಗ್ಯದ? ಇಡು ಅಲ್ಲಿ."

ಅಷ್ಟರಲ್ಲಿ ಫೋನ್ ಬಂತು. ಅವ್ವನ ದನಿ ಅರಳಿದ್ದು ಕೇಳಿಯೇ ಯಾರೆಂದು ತಿಳಿಯಿತು. ಮಾತಾಡುತ್ತಲೇ ಅವಳು ಹೊಲಿದಿಟ್ಟ ಖಾಲಿ ದಿಂಬಿನ ಚೀಲವೊಂದನ್ನು ನನ್ನ ಕಡೆ ನೂಕಿದಳು. ನಾನು ಅದಕ್ಕೆ ಹತ್ತಿ ತುಂಬುತ್ತ ಕೂತೆ.