ಅಕ್ಕ ಕಲಿಸಿದ ಸ್ಪ್ಯಾನಿಷ್

ನನ್ನ ಅಕ್ಕ ಅಂಕೋಲೆಯ ಹತ್ತಿರದ ಶಾಲೆಯೊಂದರಲ್ಲಿ ಭೂಗೋಳ ಕಲಿಸುತ್ತಿದ್ದವಳು. ಅವಳ ತರಗತಿಯ ಗೋಡೆಗಿದ್ದ ನಕಾಶೆಯಲ್ಲಿ ಸ್ಪೇನ್ ಇರಬೇಕಾದ ಜಾಗವನ್ನು ಗೆದ್ದಲು ತಿಂದುಬಿಟ್ಟಿತ್ತು. ಇಡೀ ಸರ್ವಿಸಿನಲ್ಲಿ ಆ ತೂತಿಗೆ ಕೋಲು ಇಟ್ಟು "ಇದು ಸ್ಪೇನ್" ಎನ್ನುತ್ತ ಬಂದವಳು, ನಿವೃತ್ತಳಾದ ಮೇಲೆ ಅಲ್ಲಿ ಏನಿದೆಯೆಂದು ನೋಡಿಯೇ ತೀರುತ್ತೇನೆ ಎಂದು ಹೊರಟಳು. ಪ್ರವಾಸದ ಗುಂಪಿಗೆ ನನ್ನ ಹೆಸರನ್ನೂ ಸೇರಿಸಿದ ಮೇಲೆ ನನಗೆ ಫೋನ್ ಮಾಡಿದಳು.

"ಹೋಗೂಕೆ ಎರಡು ತಿಂಗಳುಂಟು. ಅಷ್ಟ್ರೊಳಗೆ ಭಾಷೆ ಕಲಿಬೇಕು."

ಅಲ್ಲಿಂದ ಪ್ರತಿ ಭಾನುವಾರ ಬಾಳೆಗುಳಿಯ ಅವಳ ಮನೆಯಲ್ಲಿ ನನಗೆ ಪಾಠ. ಒಂದು ತೆಳ್ಳಗಿನ ಪುಸ್ತಕ ತರಿಸಿದ್ದಳು. ನನ್ನ ತಲೆಗೆ ಏನೂ ಹತ್ತುತ್ತಿರಲಿಲ್ಲ.

"ದೋಂದೆ ಅಂದ್ರೆ 'ಎಲ್ಲಿ' ಅಂತ. ತೊಂಡೆಕಾಯಿ ಎಲ್ಲಿ ಅಂತ ನೆನಪಿಟ್ಕೊ," ಎಂದಳು ಅಕ್ಕ. "ಬಾನ್ಯೊ ಅಂದ್ರೆ ಬಚ್ಚಲು. ಎರಡೂ ಹತ್ತತ್ತು ಸಲ ಬರಿ."

ಐವತ್ತು ದಾಟಿದ ನಾನು ಕೂತು ಬರೆದೆ. ತಪ್ಪಿದ್ದಕ್ಕೆ ಕೆಂಪು ಶಾಯಿಯಲ್ಲಿ ಗೀಟು ಬಿತ್ತು.

ನನಗೆ ಕಾರವಾರದಲ್ಲಿ ಕಚೇರಿ ಕೆಲಸ. ದಿನವೂ ಬಸ್ಸಿನಲ್ಲಿ ಕಣ್ಣು ಮುಚ್ಚಿ "ಅಗ್ವಾ, ಪೋರ್ ಫಾವೋರ್" ಎಂದು ಉರು ಹೊಡೆಯುತ್ತಿದ್ದೆ. ಒಂದು ಬೆಳಿಗ್ಗೆ ಹಟ್ಟಿಕೇರಿಯಲ್ಲಿ ಬಸಳೆ ಸೊಪ್ಪಿನ ಬುಟ್ಟಿಯೊಂದಿಗೆ ಹತ್ತಿದ ಹೆಂಗಸೊಬ್ಬಳು ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತು ಕೈಮುಗಿದುಕೊಂಡೇ ಕೇಳಿಸಿಕೊಂಡಳು.

"ಯಾವ ದೇವ್ರ ಮಂತ್ರ, ಅಮ್ಮಾ?"

"ಮಂತ್ರ ಅಲ್ಲ. ಸ್ಪೇನಿಗೆ ಹೋದ್ರೆ ಕುಡಿಯೂಕೆ ನೀರು ಕೇಳೂದು."

ಅವಳು ಮುಗಿದ ಕೈ ಬಿಟ್ಟಳು. "ನೀರು ಕೇಳೂಕೆ ಇಷ್ಟು ಜಪವಾ? ಇಲ್ಲಿಂದ್ಲೇ ಒಂದು ಬಾಟ್ಲಿ ತಕಂಡು ಹೋಗಿ!"

ಹಿಂದಿನ ಸೀಟಿನವರೆಲ್ಲ ನಕ್ಕರು. ಉಳಿದ ದಾರಿಯಲ್ಲಿ ನಾನು ನೀರನ್ನು ಮನಸ್ಸಿನಲ್ಲೇ ಕೇಳಿದೆ.

ಕೊನೆಗೂ ಸ್ಪೇನ್ ಮುಟ್ಟಿದೆವು. ಮೂರನೆಯ ದಿನ ಒಂದು ಹಳ್ಳಿಯಲ್ಲಿ ಪ್ರವಾಸದ ಬಸ್ಸು ನಿಂತಾಗ ನನಗೆ ಅವಸರವಾಯಿತು. ಚೌಕದ ಬೆಂಚಿನ ಮೇಲೆ ಟೋಪಿ ಹಾಕಿದ ಮುದುಕನೊಬ್ಬ ಕೂತಿದ್ದ. ಗಾಬರಿಯಲ್ಲಿ ನಾನು "ತೊಂಡೆ ಬಾನ್ಯೊ?" ಎಂದುಬಿಟ್ಟೆ.

ಮುದುಕ ಕೈ ಚಾಚಿ, "ಅಲ್ಯೀ," ಎಂದ.

ಅಕ್ಕನೂ ನಾನೂ ಮುಖ ಮುಖ ನೋಡಿಕೊಂಡೆವು. ಅವರ ಭಾಷೆಯಲ್ಲೂ ಅದಕ್ಕೆ 'ಅಲ್ಲಿ' ಎಂದೇ ಅರ್ಥವೆಂದು ತಿಳಿದದ್ದು ಆಮೇಲೆ. ನಮ್ಮ ಪಾಠ ಆ ಪುಟದ ತನಕ ಹೋಗಿರಲಿಲ್ಲ. ಆದರೆ ಅಕ್ಕ ಆ ಕ್ಷಣವೇ ಸ್ಪ್ಯಾನಿಷ್ ಕೈಬಿಟ್ಟಳು.

"ಅಲ್ಲಿ ಅಂದ್ರೆ ಎಲ್ಲೋ ಮಾರಾಯಾ?"

"ಅಲ್ಯೀ, ಅಲ್ಯೀ!"

"ಅದೇ, ಅಲ್ಲೆಲ್ಲಿ?"

ಮುದುಕ ಸೋತು ಎದ್ದ. ಕೋಲೂರಿಕೊಂಡು ಮುಂದೆ ನಡೆದು, ಒಂದು ಹೋಟೆಲಿನ ಹಿಂಬಾಗಿಲ ತನಕ ನನ್ನನ್ನು ಮುಟ್ಟಿಸಿದ.

ನಾನು ಹೊರಗೆ ಬಂದು ನೋಡಿದರೆ ಇಬ್ಬರೂ ಬೆಂಚಿನ ಮೇಲೆ ಮಾತಿಗೆ ಕೂತಿದ್ದಾರೆ. ಅವನದು ಸ್ಪ್ಯಾನಿಷ್, ಇವಳದು ಅಂಕೋಲೆಯ ಕನ್ನಡ. ಒಬ್ಬರು ಮುಗಿಸುವ ತನಕ ಇನ್ನೊಬ್ಬರು ತಲೆಯಾಡಿಸುತ್ತಿದ್ದರು. ಬಸ್ಸಿನವನು ಮೂರು ಸಲ ಹಾರನ್ ಹೊಡೆದ ಮೇಲೆಯೇ ಅಕ್ಕ ಎದ್ದದ್ದು.

"ಎಂತ ಹೇಳ್ದ ಅವ?" ಎಂದು ಬಸ್ಸಿನಲ್ಲಿ ಕೇಳಿದೆ.

"ಮಂಡಿ ನೋವಂತೆ ಪಾಪ," ಎಂದಳು ಅಕ್ಕ, ಕಿಟಕಿಯಿಂದ ಅವನಿಗೆ ಕೈಬೀಸುತ್ತ. "ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಿಕ್ಕು ಅಂದೆ. ಆಯ್ತು ಅಂದ."