ಮೊದಲು ಕಣ್ಣು, ಆಮೇಲೆ ಕೈ, ಕೊನೆಗೆ ಕಿವಿ

ರೋಗಿಗಳ ಅಂಗಿಗೆ ಕಟ್ಟುದಾರ ಹೊಲಿಯುತ್ತ ಕುಳಿತಿದ್ದಾಗಲೇ ಈ ಲೇಖಕಿಗೆ ಅಭಿನಂದನ ಗ್ರಂಥಕ್ಕೆ ಬರೆಯಬೇಕೆಂಬ ಕರೆ ಬಂತು. ಸೂಜಿ ಕೈಯಲ್ಲೇ ಉಳಿಯಿತು. ಹೃದಯ, ಶ್ವಾಸಕೋಶ, ರಕ್ತನಾಳಗಳನ್ನು ಬರಿಗೈಯಿಂದ ಪರೀಕ್ಷಿಸುವ ಬಗೆಯನ್ನು ಕಲಿಸುವುದರಲ್ಲಿ ಸರಿಸಾಟಿಯಿಲ್ಲದವರೆಂದು ಹೆಸರಾದ ನಮ್ಮ ಡಾಕ್ಟರಮ್ಮನವರ ಬಗ್ಗೆ ದೊಡ್ಡ ದೊಡ್ಡ ವೈದ್ಯರೇ ಬರೆಯುತ್ತಿರುವಾಗ, ಆಸ್ಪತ್ರೆಯ ಹೊಲಿಗೆ ಕೋಣೆಯ ಮುದುಕಿ ಏನೆಂದು ಬರೆಯಬೇಕು? ಆದರೆ ಅವರ ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿ ಕಲಿತದ್ದು ಈ ಮುದುಕಿಯ ಎದೆಯ ಮೇಲೆಯೇ.

ಹೊಲಿಗೆಯಮ್ಮ ಎಂದು ಎಲ್ಲರೂ ಕರೆಯುವ ಈ ಲೇಖಕಿಯ ಹೃದಯದ ಒಂದು ಕವಾಟ, ಚಿಕ್ಕಂದಿನಲ್ಲಿ ಬಂದ ಕೀಲುನೋವಿನ ಜ್ವರದಿಂದ ಬಿಗಿದುಕೊಂಡಿದೆ. ಎಡಮಗ್ಗುಲಿಗೆ ಹೊರಳಿ, ಉಸಿರು ಹೊರಬಿಟ್ಟು ತಡೆದರೆ, ಎಣ್ಣೆ ಕಾಣದ ಹೊಲಿಗೆ ಯಂತ್ರ ಗುರುಗುಟ್ಟಿದಂಥ ಸದ್ದು ಕೇಳುತ್ತದಂತೆ. ಡಾಕ್ಟರಮ್ಮನವರು ಕೆಲಸಕ್ಕೆ ಸೇರಿದ ಹೊಸತರಲ್ಲಿ ಅದನ್ನು ಪತ್ತೆ ಹಚ್ಚಿ, ಮಾತ್ರೆ ಬರೆದುಕೊಟ್ಟು, ವಿದ್ಯಾರ್ಥಿಗಳಿಗೆ ಕೇಳಿಸಬಹುದೇ ಎಂದು ಅಪ್ಪಣೆ ಬೇಡಿದರು. ಅಂಥವರು ತನ್ನ ಅಪ್ಪಣೆ ಕೇಳುವುದುಂಟೇ ಎಂದು ಅವಳು ಸುಮ್ಮನೆ ನಕ್ಕಳು. ನಗು ಒಪ್ಪಿಗೆಯಲ್ಲವೆಂದು ಅವರು ಮರುದಿನ ಮತ್ತೆ ಬಂದು ಕೇಳಿದರು.

ಅವರ ಪಾಠದ ದಿನ ಬಾಗಿಲಲ್ಲೇ ಒಂದು ಬುಟ್ಟಿ, ಸ್ಟೆತಾಸ್ಕೋಪುಗಳೆಲ್ಲ ಅದರೊಳಗೆ. ಮೊದಲು ಕಣ್ಣು: ಕತ್ತಿನ ನರ ಎಷ್ಟು ಉಬ್ಬಿದೆ, ಉಸಿರಿಗೆ ಎದೆಯ ಎರಡೂ ಬದಿ ಸಮನಾಗಿ ಏಳುತ್ತವೆಯೇ, ಉಗುರಿನ ಬಣ್ಣವೇನು. ಆಮೇಲೆ ಕೈ: ಎರಡೂ ಮಣಿಕಟ್ಟಿನ ನಾಡಿ, ಪಾದದ ನಾಡಿ, ಎದೆಯ ಮೇಲೆ ಅಂಗೈ, ಬೆನ್ನಿಗೆ ಒಂದು ಬೆರಳಿಟ್ಟು ಇನ್ನೊಂದರಿಂದ ತಟ್ಟಿದರೆ ಗಾಳಿಯಿದ್ದಲ್ಲಿ ಖಾಲಿ ಡಬ್ಬದ ಸದ್ದು, ನೀರು ತುಂಬಿದಲ್ಲಿ ಗೋಡೆಯ ಸದ್ದು. ಕೊನೆಗಷ್ಟೇ ಕಿವಿ. ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳದೆ ಮುಟ್ಟಲು ಬಂದವರನ್ನು ಹಿಂದಕ್ಕೆ ಕಳಿಸುತ್ತಿದ್ದರು. ಒಮ್ಮೆ ವಿದ್ಯಾರ್ಥಿಯೊಬ್ಬ ಗಾಬರಿಯಲ್ಲಿ, ಬುಟ್ಟಿಯಿಂದ ತೆಗೆದ ಸ್ಟೆತಾಸ್ಕೋಪನ್ನು ಕತ್ತಿನಲ್ಲೇ ಬಿಟ್ಟುಕೊಂಡು, ಬಿಲ್ಲೆಯನ್ನಷ್ಟೇ ಎದೆಗೊತ್ತಿ, ಎಲ್ಲ ಸರಿಯಾಗಿದೆ ಎಂದುಬಿಟ್ಟ.

"ಕಿವಿಗೆ ಹಾಕ್ಕೊಂಡು ಇನ್ನೊಂದ್ಸಲ ಹೇಳಪ್ಪ," ಎಂದರು ಡಾಕ್ಟರಮ್ಮ. ಹೊಲಿಗೆಯಮ್ಮನಿಗೆ ಉಸಿರು ತಡೆಯುವುದಿರಲಿ, ನಗು ತಡೆಯುವುದೇ ಕಷ್ಟವಾಯಿತು.

ಓದದ ಕಾಗದಕ್ಕೆ ಹೆಬ್ಬೆಟ್ಟು ಒತ್ತಬಾರದೆಂದು ಅವಳನ್ನು ರಾತ್ರಿ ಶಾಲೆಗೆ ಸೇರಿಸಿದವರೂ ಅವರೇ. ಕಳೆದ ವರ್ಷ ಕವಾಟ ಇನ್ನಷ್ಟು ಬಿಗಿದು, ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿದಾಗ, ಅದನ್ನು ಬದಲಿಸಲು ಒಪ್ಪಿಗೆಯೇ ಎಂದು ಶಸ್ತ್ರಚಿಕಿತ್ಸೆಯ ಆಸ್ಪತ್ರೆಯಿಂದ ಕಾಗದ ಬಂತು. ಓದು ಬಾರದಿದ್ದಾಗ ಹೆದರಿಕೆಯೊಂದೇ ಇತ್ತು. ಓದು ಬಂದ ಮೇಲೆ ಗೊಂದಲವೂ ಜೊತೆಗೂಡಿತು. ಕುಯ್ಯಿಸಿಕೊಂಡರೆ ಬದುಕಬಹುದು, ಆದರೆ ಆ ಸದ್ದು ಹೋಗುತ್ತದೆ. ಸದ್ದೇ ಹೋದ ಮೇಲೆ ಡಾಕ್ಟರಮ್ಮನವರಿಗೆ ತಾನು ಯಾರು? ಉತ್ತರ ಬರೆದಳು, ಹರಿದಳು, ಮತ್ತೆ ಬರೆದು ಹೊಲಿಗೆ ಪೆಟ್ಟಿಗೆಯಲ್ಲಿಟ್ಟಳು. "ಅತ್ತೆ, ಆ ಕಾಗದಕ್ಕೂ ಅಂಚು ಹೊಲೀತಿದೀರಾ?" ಎಂದು ಸೊಸೆ ಛೇಡಿಸಿದಳು.

ಈ ಲೇಖನಕ್ಕೆಂದು ಒಂದೆರಡು ಸಂಗತಿ ಕೇಳಲು ಹೋದವಳು, ನಿವೃತ್ತಿ ಹತ್ತಿರವಾಗಿ ಕೋಣೆ ಖಾಲಿ ಮಾಡುತ್ತಿದ್ದ ಡಾಕ್ಟರಮ್ಮನವರೆದುರು ಇದನ್ನೆಲ್ಲ ಬಾಯಿಬಿಟ್ಟು ಹೇಳಿದಳು. ಅವರು ಅಂಗೈ ಉಜ್ಜಿಕೊಂಡು ಅವಳ ಮಣಿಕಟ್ಟು ಹಿಡಿದರು. "ಪಾಠಕ್ಕೆ ಬೇರೆ ಎದೆ ಸಿಗುತ್ತೆ ಹೊಲಿಗೆಯಮ್ಮ. ನೀವು ಹೋಗ್ಬಿಟ್ರೆ ನನ್ನ ಮಾತಿಗೆ ನಗೋರು ಯಾರು?"

ಆ ಬೆರಳುಗಳ ಚುರುಕು ಕುಂದದಿರಲಿ, ಆ ಕಿವಿ ಮಂದವಾಗದಿರಲಿ. ನಿವೃತ್ತಿಯ ನಂತರವೂ ಎಲ್ಲಾದರೂ ಬಾಗಿಲಲ್ಲಿ ಬುಟ್ಟಿಯಿಟ್ಟು, ಹೊಸ ಕೈಗಳನ್ನು ಬೆಚ್ಚಗೆ ಮಾಡಿಸುತ್ತ, ಅವರು ಬಹುಕಾಲ ಆರೋಗ್ಯವಾಗಿ ಬಾಳಲಿ ಎಂಬುದು ಈ ಲೇಖಕಿಯ ಹಾರೈಕೆ. ಗೊಂದಲ ಪೂರ್ತಿ ಹೋಗಿಲ್ಲ. ಆದರೂ ಒಪ್ಪಿಗೆಯ ಕಾಗದದ ಕೆಳಗೆ, ಹೊಸ ಕವಾಟದ ಸದ್ದನ್ನು ಎಲ್ಲರಿಗಿಂತ ಮೊದಲು ಡಾಕ್ಟರಮ್ಮನವರೇ ಕೇಳಬೇಕು ಎಂದು ಒಂದು ಸಾಲು ಸೇರಿಸಿ, ಸಹಿ ಹಾಕಿ, ಇಂದು ಬೆಳಿಗ್ಗೆ ಸೊಸೆಯ ಕೈಯಲ್ಲಿ ಅಂಚೆಗೆ ಕಳಿಸಿಯಾಯಿತು.