ಬಂಗುಡೆಯ ಕಣ್ಣು, ನನ್ನ ಕನ್ನಡಕ

ಕನ್ನಡಕ ಒರೆಸುವುದರಲ್ಲಿ ನನ್ನನ್ನು ಮೀರಿಸುವವರು ಕಾಪುವಿನಲ್ಲಿ ಇಲ್ಲವೆಂದು ಬಹಳ ಕಾಲ ನಂಬಿದ್ದೆ. ಗಾಜಿಗೆ ಎರಡು ಸಲ ‘ಹಾ’ ಎಂದು ಉಸಿರು ಬಿಡುವುದು, ಉಟ್ಟ ಲುಂಗಿಯ ತುದಿ ಎತ್ತಿ ಗಸಗಸ ತಿಕ್ಕುವುದು, ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ಪರೀಕ್ಷಿಸುವುದು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನಿಗೆ ಗಾಜು ಒರೆಸುವುದನ್ನು ಇನ್ನೊಬ್ಬರು ಕಲಿಸಬೇಕೇ? ಕನ್ನಡಕದ ಜೊತೆ ಕೊಟ್ಟಿದ್ದ ಮೆತ್ತನೆಯ ಬಟ್ಟೆಯಲ್ಲಿ ಹೆಂಡತಿ ದೇವರ ಫೋಟೊ ಒರೆಸುತ್ತಿದ್ದಳು. ಆ ಫೋಟೊದ ಗಾಜಿನಲ್ಲಿ ಇವತ್ತಿಗೂ ಒಂದು ಗೀರಿಲ್ಲ.

ನಮ್ಮ ಮನೆ ಕಡಲಿಗೆ ಹತ್ತಿರ. ಗಾಳಿಗೆ ಉಪ್ಪು, ಮರಳು ಬಂದು ಗಾಜಿನ ಮೇಲೆ ಕೂರುತ್ತದೆ. ಒಣ ಬಟ್ಟೆಯಲ್ಲಿ ತಿಕ್ಕಿದಷ್ಟೂ ಮಸುಕು ಹೆಚ್ಚಿತು, ಮಸುಕು ಹೆಚ್ಚಿದಷ್ಟೂ ನಾನು ತಿಕ್ಕಿದೆ. ಕೊನೆಗೆ ಮೊಬೈಲಿನಲ್ಲಿ ಯಾರೋ ಪುಣ್ಯಾತ್ಮ ತೋರಿಸಿದ ಹಾಗೆ ಟೂತ್‌ಪೇಸ್ಟ್ ಹಚ್ಚಿ ಹಲ್ಲುಜ್ಜಿದಂತೆ ಉಜ್ಜಿದೆ. ಗಾಜಿಗೆ ಒಳ್ಳೆಯ ಪರಿಮಳ ಬಂತು.

ಮರುದಿನ ಬೆಳಿಗ್ಗೆ ಮೀನಿನವಳು ಬಂದಳು. ಹನ್ನೆರಡು ವರ್ಷದಿಂದ ನಮ್ಮ ಓಣಿಗೆ ಬುಟ್ಟಿ ಹೊತ್ತು ಬರುವವಳು. ಮೀನು ತಾಜಾ ಹೌದೋ ಅಲ್ಲವೋ ಎಂಬುದನ್ನು ನಮ್ಮಲ್ಲಿ ಅದರ ಕಣ್ಣು ನೋಡಿ ಹೇಳುತ್ತಾರೆ. ಕಣ್ಣು ಮಂಜಾಗಿದ್ದರೆ ಹಳೆಯದು. ಒಂದು ಬಂಗುಡೆ ಎತ್ತಿ ನೋಡಿದೆ, ಮಂಜು. ಇನ್ನೊಂದು, ಅದೂ ಮಂಜು. ಬುಟ್ಟಿಯಲ್ಲಿದ್ದ ಅಷ್ಟೂ ಬಂಗುಡೆಗಳಿಗೆ ಪೊರೆ ಬಂದಿತ್ತು.

“ಎಂತ ಮಾರಾಯ್ತಿ, ನಾಲ್ಕು ದಿನ ಐಸಿನಲ್ಲಿಟ್ಟದ್ದನ್ನು ನಮಗೆ ತಂದು ಹಾಕ್ತೀಯಾ?” ಎಂದು ಗೇಟಿನಲ್ಲಿ ನಿಂತು ಕೂಗಿದೆ.

“ಇಲ್ಲ ಮಾಸ್ಟ್ರೇ, ಬೆಳಿಗ್ಗೆ ಮಲ್ಪೆಯಿಂದ ತಂದದ್ದು. ಕಿವಿರು ಬಿಡಿಸಿ ನೋಡಿ, ಹೇಗೆ ಕೆಂಪುಂಟು ಅಂತ.”

“ಕಿವಿರು ಎಂತಕ್ಕೆ? ನನಗೆ ಕಣ್ಣು ಕಾಣುವುದಿಲ್ವಾ?”

ಅಕ್ಕಪಕ್ಕದವರು ಹೊರಗೆ ಬಂದರು. ಮಾಸ್ಟ್ರೇ ಹೇಳಿದ ಮೇಲೆ ಮುಗಿಯಿತಲ್ಲ! ಆ ದಿನ ಓಣಿಯಲ್ಲಿ ಯಾರೂ ಅವಳಿಂದ ಒಂದು ಮೀನೂ ಕೊಳ್ಳಲಿಲ್ಲ, ಮರುದಿನವೂ ಇಲ್ಲ. ಒಂದು ವಾರ ಸುಮ್ಮನೆ ಓಣಿಯುದ್ದ ನಡೆದು, ಆಮೇಲೆ ಬರುವುದನ್ನೇ ಬಿಟ್ಟಳು.

ದಿನ ಕಳೆದಂತೆ ಪೇಪರೂ ಮಂಜು, ಟಿವಿಯೂ ಮಂಜು, ಹೆಂಡತಿಯ ಮುಖವೂ ಮಂಜು. ನನಗೇ ಪೊರೆ ಬಂತೆಂದು ಹೆದರಿ ಮಣಿಪಾಲಕ್ಕೆ ಓಡಿದೆ. ಕನ್ನಡಕದ ಅಂಗಡಿಯವರು ಕಣ್ಣು ಪರೀಕ್ಷಿಸಿದರು. “ನಿಮ್ಮ ಕಣ್ಣಿಗೆ ಎಂತ ಆಗಲಿಲ್ಲ ಸರ್. ಈ ಗ್ಲಾಸಿಗೆ ಎಂತ ಮಾಡಿದ್ರಿ?”

ಹೇಳಿದೆ, ಟೂತ್‌ಪೇಸ್ಟ್ ಸಮೇತ. ಅವರು ನಗು ನುಂಗಿಕೊಂಡರು. “ಮೊದಲು ನಲ್ಲಿಯ ಕೆಳಗೆ ಹಿಡಿಯಿರಿ ಸರ್, ಮರಳು ಹೋಗ್ಲಿ. ಮತ್ತೆ ಒಂದು ಹನಿ ಪಾತ್ರೆ ತೊಳೆಯುವ ಸೋಪು, ಮೆತ್ತಗಿನ ಬಟ್ಟೆ. ಅಷ್ಟೇ.” ವಿಜ್ಞಾನದ ಮಾಸ್ಟ್ರು ತಲೆಯಾಡಿಸಿದರು.

ಹೊಸ ಗಾಜು ಹಾಕಿಸಿಕೊಂಡು ಬರುವಾಗ ಕಾಪುವಿನ ಮೀನು ಮಾರ್ಕೆಟಿಗೆ ಹೋದೆ. ಅವಳು ಒಂದು ಮೂಲೆಯಲ್ಲಿ ಕೂತಿದ್ದಳು. ಬುಟ್ಟಿಯ ಬಂಗುಡೆಗಳ ಕಣ್ಣು ಫಳಫಳ ಹೊಳೆಯುತ್ತಿತ್ತು. ತಪ್ಪಾಯಿತು ಎಂದೆ, ಕನ್ನಡಕದ ಕತೆಯನ್ನೆಲ್ಲ ಹೇಳಿದೆ. ಅವಳು ನಗಲಿಲ್ಲ.

“ನನ್ನ ಹತ್ರ ಹೇಳಿ ಎಂತ ಪ್ರಯೋಜನ ಮಾಸ್ಟ್ರೇ? ಮೀನು ಒಳ್ಳೆದಿತ್ತು ಅಂತ ನನಗೆ ಗೊತ್ತುಂಟಲ್ಲ. ನಾಳೆ ನಿಮ್ಮ ಗೇಟಿಗೆ ಬರ್ತೇನೆ. ಅಲ್ಲಿ ಹೇಳಿ, ಅವತ್ತಿನ ಹಾಗೇ ಜೋರಾಗಿ.”

ಬಂದಳು. ಎದುರು ಮನೆಯವರು ಗಿಡಕ್ಕೆ ನೀರು ಹಾಕುತ್ತಿದ್ದರು, ಪಕ್ಕದ ಮನೆಯವರು ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ನಾನು ಬಾಯಿ ತೆರೆದೆ. “ಅವತ್ತು ಮೀನು ಸರಿ ಇತ್ತು, ನನ್ನ ಕನ್ನಡಕವೇ...” ಎಂದೆ, ನನಗೇ ಕೇಳದ ಹಾಗೆ.

“ಎಂತ ಮಾಸ್ಟ್ರೇ? ಕೇಳಲಿಲ್ಲ,” ಎಂದರು ಎದುರು ಮನೆಯವರು.

“ಎಂತ ಇಲ್ಲ,” ಎಂದೆ. “ಮೀನು ಹೇಗುಂಟು ಅಂತ ಕೇಳಿದೆ.”

ಅವಳು ನನ್ನನ್ನೇ ಒಂದು ಕ್ಷಣ ನೋಡಿದಳು. ಬುಟ್ಟಿ ಎತ್ತಿ ತಲೆಗಿಟ್ಟುಕೊಂಡು ಹೋದವಳು ಮತ್ತೆ ನಮ್ಮ ಓಣಿಗೆ ಬಂದಿಲ್ಲ.